ಕಡೆಗಿಟ್ಟ ರಾಶಿಗೆ ಎರಡನೇ ಕೈ

ಮಾಬೂಬಿಯ ಬಳೆಗಳು ಕೆಂಪಗಿದ್ದವು. ಅದರಲ್ಲಿ ನನಗೆ ಅನುಮಾನವಿಲ್ಲ, ಯಾಕೆಂದರೆ ಆ ಗಾಜಿನ ಬಳೆಗಳನ್ನು ಅವಳು ತೊಡಿಸಿಕೊಳ್ಳುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ತಿಕೋಟಾದ ನಮ್ಮ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಉದ್ದನೆಯ ಮೇಜಿಗೆ ನಾವಿಬ್ಬರೂ ಒಂಬತ್ತು ವರ್ಷದಿಂದ ಅಕ್ಕಪಕ್ಕ ಕೂರುವವರು. ಆ ಏಪ್ರಿಲ್ ಮಧ್ಯಾಹ್ನ ಬಲಗಣ್ಣಿಗೆ ಬೆವರು ಇಳಿಯಿತೆಂದು ಸೆರಗಿನಿಂದ ಒತ್ತಿಕೊಂಡೆ. ತೆರೆದಿದ್ದ ಎಡಗಣ್ಣಿಗೆ ಅವಳ ಕೈ ಕಂಡಿತು, ಬಳೆಗಳು ಕಂಡವು, ಕೆಂಪು ಮಾತ್ರ ಕಾಣಲಿಲ್ಲ. ಹಳೇ ಇಟ್ಟಂಗಿಯನ್ನು ತೊಳೆದು ಬಿಸಿಲಿಗಿಟ್ಟಂಥ ಬಣ್ಣ. ಎದುರಿನ ರಾಶಿ ನೋಡಿದೆ. ಹಸಿರು, ಹಳದಿ, ಕರಿ ಮೂರೂ ಸೇರಿ ಬೂದಿಯಾಗಿದ್ದವು.

ಸೆರಗು ತೆಗೆದೆ. ಎಲ್ಲ ಬಣ್ಣಗಳೂ ಓಡಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಮತ್ತೆ ಮುಚ್ಚಿದೆ. ಮತ್ತೆ ಬೂದಿ.

“ಏನ ಆತs ಲೀಲಾ?” ಎಂದಳು ಮಾಬೂಬಿ.

“ಏನಿಲ್ಲ, ಗಂಧಕ” ಎಂದೆ.

ನಮ್ಮ ಕಡೆ ಕಣ್ಣಿನ ಯಾವ ತಕರಾರಿಗೂ ಇದೊಂದು ಉತ್ತರ. ದ್ರಾಕ್ಷಿಗೆ ಬಣ್ಣ ನಿಲ್ಲಲೆಂದು ಗಂಧಕದ ಹೊಗೆ ಕೊಡುತ್ತಾರೆ. ಆ ದಿನ ಶೆಡ್ಡಿನಲ್ಲಿ ಎಲ್ಲರ ಕಣ್ಣೂ ಉರಿಯುತ್ತವೆ, ನೀರು ಸುರಿಸುತ್ತವೆ. ತಣ್ಣನೆ ಹಾಲಿನಲ್ಲಿ ಅದ್ದಿದ ಹತ್ತಿ ಇಟ್ಟುಕೊಂಡು ಮಲಗಿದರೆ ಬೆಳಿಗ್ಗೆ ಹೋಗಿರುತ್ತದೆ. ನಾನೂ ಹಾಲಿನ ಹತ್ತಿ ಇಟ್ಟೆ. ಗುಲಾಬಿ ನೀರು ಬಿಟ್ಟೆ. ಔಷಧಿ ಅಂಗಡಿಯವನು ಕೊಟ್ಟ ಹನಿ ಹಾಕಿದೆ. ಹೀಗೆ ನಾಲ್ಕು ವಾರ ಕಳೆದೆ. ಗಂಧಕದ ಉರಿ ಕಣ್ಣಿನ ಮೇಲಿರುತ್ತದೆ, ನನ್ನ ನೋವು ಕಣ್ಣಿನ ಹಿಂದಿತ್ತು. ಪಕ್ಕಕ್ಕೆ ನೋಡಿದರೆ ಬೇರು ಹಿಡಿದು ಜಗ್ಗಿದಂತಾಗುತ್ತಿತ್ತು. ಇದು ಗಂಧಕವಲ್ಲ ಎಂದು ನನಗೆ ಗೊತ್ತಾಗಲಿಲ್ಲ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂದು ತಿಳಿಯಬೇಕಾದರೆ ನಮ್ಮ ಮೇಜಿನ ಕ್ರಮ ತಿಳಿಯಬೇಕು. ಆರಿಸಿದ ಒಳ್ಳೆಯ ಮಾಲಿನ ಬುಟ್ಟಿ ನೇರ ಮಾಲಕರ ಮುಂದೆ ಹೋಗುತ್ತದೆ. ಅದರಲ್ಲಿ ಕರಿದು, ಕೊಳೆತದ್ದು ಸಿಕ್ಕರೆ ಹೆಸರು ಕೂಗಿ ಬುಟ್ಟಿ ತಿರುಗಿ ಕಳಿಸುತ್ತಾರೆ. ಹಾಗೆ ಮೂರು ಸಲವಾದರೆ ಮೇಜಿನಿಂದ ಎದ್ದು ಹೋಗಬೇಕು. ತೊಟ್ಟು, ಕರಿದು, ಒಡಕು ಎಂದು ನಾವು ಕಡೆಗೆ ಹಾಕಿದ ರಾಶಿಗೆ ಬೇರೆ ಕ್ರಮ. ಅದನ್ನು ಹಾಗೇ ಚೆಲ್ಲುವಂತಿಲ್ಲ. ಒಬ್ಬಳು ಕಡೆಗಿಟ್ಟದ್ದರ ಮೇಲೆ ಇನ್ನೊಬ್ಬಳು ಒಮ್ಮೆ ಕೈಯಾಡಿಸಬೇಕು. ಇದಕ್ಕೆ ಎರಡನೇ ಕೈ ಎನ್ನುತ್ತೇವೆ. ಎಂಥ ಚುರುಕಿನವಳಾದರೂ ದಣಿದಾಗ ಕೆಟ್ಟದ್ದರ ಜೊತೆ ಒಳ್ಳೆಯದನ್ನೂ ಎಸೆಯುತ್ತಾಳೆ, ಅದಕ್ಕೆ.

ನಾನು ಗಂಡನ ಮನೆಯಿಂದ ತಿರುಗಿ ಬಂದವಳು. ಅಣ್ಣ ಮಲ್ಲಪ್ಪನ ಮನೆಯಲ್ಲಿ ನನಗೊಂದು ಕೋಣೆಯಿದೆ, ಊಟವಿದೆ, ಯಾರೂ ಕಡಿಮೆ ಮಾಡಿಲ್ಲ. ಆದರೆ ಇದು ನನ್ನದು ಎನ್ನಲು ಇದ್ದದ್ದು ಆ ಮೇಜಿನ ಒಂದು ಜಾಗ ಮಾತ್ರ. “ಶಿವಲೀಲಾನ ಕೈ ಅಂದ್ರ ಕೈ” ಎಂದು ಮಾಲಕರು ಒಮ್ಮೆ ನಾಲ್ಕು ಜನರೆದುರು ಅಂದಿದ್ದರು. ಆ ಮಾತನ್ನು ನಾನು ಸೀರೆಯ ಹಾಗೆ ಉಟ್ಟುಕೊಂಡು ಓಡಾಡುತ್ತಿದ್ದೆ. ಹೀಗಿರುವಾಗ ಬಣ್ಣ ಕಾಣುತ್ತಿಲ್ಲ ಎಂದು ಯಾವ ಬಾಯಿಂದ ಹೇಳಲಿ? ಎರಡೂ ಕಣ್ಣು ತೆರೆದರೆ ಒಂದು ಕಣ್ಣು ಹಸಿರು ಎನ್ನುತ್ತಿತ್ತು, ಇನ್ನೊಂದು ಏನೂ ಅಲ್ಲ ಎನ್ನುತ್ತಿತ್ತು. ಒಂದು ಕಾಳಿಗೆ ಕೈ ಹಾಕಿದರೆ ಪಕ್ಕದ ಕಾಳು ಬರುತ್ತಿತ್ತು. ಬಲಕ್ಕೆ ತಿರುಗಿ, ಕತ್ತು ವಾಲಿಸಿ, ಹೇಗೋ ದಿನ ದೂಡಿದೆ. ನನ್ನ ಬುಟ್ಟಿ ಒಂದೂ ತಿರುಗಿ ಬರಲಿಲ್ಲ. ಅರ್ಧ ಕುರುಡಿಯಾದರೂ ನನ್ನನ್ನು ಮೀರಿಸುವವರಿಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ.

ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಬಲಗಣ್ಣು ಮುಚ್ಚಿ ನೋಡಿದರೆ ಎದುರಿಗೆ ಕೂತ ಅಣ್ಣನಿಗೆ ಕಿವಿಗಳಿದ್ದವು, ಮುಖವಿರಲಿಲ್ಲ. ಅಂದು ಹೇಳಿದೆ.

ಅಣ್ಣ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ. “ಕಣ್ಣು ನೆಟ್ಟಗ ಐತಲ್ಲ. ಕೆಂಪ ಸುದ್ದಾ ಆಗಿಲ್ಲ.”

“ಕಾಣವಲ್ದೋ ಅಣ್ಣಾ.”

“ಕಣ್ಣಿಗೇನೂ ಆಗಿಲ್ಲಾಂದ್ರ ಹೆಂಗ ಕಾಣವಲ್ದು?”

ಅಣ್ಣನ ಹೆಂಡತಿ, ನನ್ನ ವೈನಿ, ಒಳಗೆ ಹೋಗಿ ಉಪ್ಪು, ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ಮೆಣಸಿನಕಾಯಿ ಒಲೆಗೆ ಬಿದ್ದರೂ ಘಾಟು ಏಳಲಿಲ್ಲ. “ನೋಡ್ರಿ, ಎಷ್ಟ ಜೋರ ದೃಷ್ಟಿ ಆಗಿತ್ತು!” ಎಂದಳು ವೈನಿ. ನನಗೆ ನಗು ಬಂತು, ಜೊತೆಗೆ ಅವಳ ಮೇಲೆ ಪ್ರೀತಿಯೂ ಬಂತು. ತನಗೆ ಗೊತ್ತಿದ್ದ ಔಷಧವನ್ನು ಅವಳು ತಡಮಾಡದೆ ಕೊಟ್ಟಿದ್ದಳು.

ವಿಜಯಪುರದ ಆಸ್ಪತ್ರೆಗೆ ಮೊದಲ ದಿನ ಅಣ್ಣನೇ ತಾನು ಬಾಡಿಗೆಗೆ ಓಡಿಸುವ ಟಂಟಂ ರಿಕ್ಷಾದಲ್ಲಿ ಕರೆದೊಯ್ದ. ಡಾಕ್ಟರಮ್ಮ ನನ್ನ ವಯಸ್ಸಿನವರೇ, ಮಾತು ನಮ್ಮ ಕಡೆಯದೇ. ಔಷಧಿ ಬಾಟಲಿಯ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ತೋರಿಸಿ ಕೇಳಿದರು: “ಈ ಕಣ್ಣಿಗೆ ಪೂರಾ ಕೆಂಪು ಅಂತ ತಿಳೀರಿ. ಆ ಕಣ್ಣಿಗೆ ಎಷ್ಟು ಕೆಂಪೈತಿ?”

“ಕೆಂಪೇ ಇಲ್ರಿ.”

ಕಣ್ಣಿನ ಹಿಂದಿನ ನರಕ್ಕೆ ಬಾವು ಬಂದಿದೆ ಎಂದರು. ಸೋಂಕಲ್ಲ, ಗಂಧಕವಲ್ಲ. ಮೈಯನ್ನು ಕಾಯಬೇಕಾದ ಪಡೆಯೇ ತಪ್ಪು ತಿಳಿದು ನರದ ಮೇಲೆ ಬಿದ್ದಿದೆ. “ಬೇಲೀನ ಎದ್ದು ಹೊಲಾ ಮೇಯ್ದಂಗ ನೋಡ್ರಿ.” ಮೂರು ದಿನ ಸಲಾಯಿನಿನಲ್ಲಿ ಸ್ಟೀರಾಯ್ಡ್, ಆಮೇಲೆ ಗುಳಿಗೆ, ಮೆದುಳಿನಲ್ಲೂ ಹೀಗೇ ಆಗಿದೆಯೇ ನೋಡಲು ಎಂಆರ್‌ಐ. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. “ಇನ್ನಷ್ಟು ಉಳೀತಿತ್ತೋ ಏನೋ, ಹೇಳಾಕ ಬರಂಗಿಲ್ಲ” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಎಂದು ಆಗ ಸಿಟ್ಟು ಬಂತು. ಅದು ನಿಜವಾದ ಮಾತಾಗಿತ್ತು ಎಂದು ಈಗ ತಿಳಿಯುತ್ತದೆ.

ಮರುದಿನದಿಂದ ಅಣ್ಣನಿಗೆ ಬಾಡಿಗೆಗಳಿದ್ದವು. ನಾನು ಬಸ್ಸಿನಲ್ಲಿ ಒಬ್ಬಳೇ ಹೋದೆ.

ಕಣ್ಣಿನ ಆಸ್ಪತ್ರೆಯ ಬೆಂಚಿನ ಒಂಟಿತನವೇ ಬೇರೆ. ಹನಿ ಹಾಕಿ ಎಲ್ಲರನ್ನೂ ಕಣ್ಣು ಮುಚ್ಚಿಸಿ ಕೂರಿಸಿರುತ್ತಾರೆ. ಇಪ್ಪತ್ತು ಜನ ಗೋಡೆಗೆ ತಲೆಯಾನಿಸಿ, ಯಾರ ಮುಖವೂ ಯಾರಿಗೂ ಕಾಣದೆ ಕಾಯುತ್ತಿರುತ್ತಾರೆ. ಪಕ್ಕದಿಂದ ಒಂದು ಮುದುಕಿಯ ದನಿ ಬಂತು. ಇಟ್ಟಂಗಿಹಾಳದವಳಂತೆ, ಪೊರೆ ತೆಗೆಸಿಕೊಳ್ಳಲು ಬಂದವಳು.

“ನಿನಗೂ ಪೊರಿ ಬಂದೈತೇನs ಯವ್ವಾ?”

“ಇಲ್ಲ ಆಯಿ.”

“ಮತ್ತ ಸಕ್ಕರಿ ಬ್ಯಾನೀನ?”

“ಅದೂ ಅಲ್ಲ. ಕಣ್ಣಿನ ನರಕ್ಕ ಬಾವು ಬಂದೈತಂತ.”

ನಾನು ಕಣ್ಣು ತೆರೆದೆ. ಮುದುಕಿಯೂ ಕಣ್ಣು ತೆರೆದು, ಬಾಗಿ, ನನ್ನ ಕಣ್ಣೊಳಗೆ ಇಣುಕಿದಳು. “ಹುಚ್ಚಿ, ಕಣ್ಣು ಕನ್ನಡಿ ಆಗೇತಿ. ಏನೂ ಆಗಿಲ್ಲ ತಗೋ.” ಸಮಾಧಾನಕ್ಕೆ ಅಂದಳು. ಪೊರೆಗೆ ಹೆಸರಿದೆ, ಸಕ್ಕರೆಗೆ ಹೆಸರಿದೆ, ಆ ಹೆಸರು ಹೇಳಿದರೆ ಅರ್ಧ ಬೆಂಚು ಹೂಂಗುಡುತ್ತದೆ. ನನ್ನ ರೋಗದ ಹೆಸರನ್ನು ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅದನ್ನು ಓದಿ ಹೇಳಿದರೆ ಕೇಳಿದವರು ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು.

ಎಂಆರ್‌ಐ ದಿನ ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದರು. ಬಳೆ, ಓಲೆ ಸರಿ, ಮೂಗುತಿ ಬರಲಿಲ್ಲ. ಅವ್ವ ಇದ್ದಾಗ ಹಾಕಿಸಿದ್ದು, ಅಂದಿನಿಂದ ತೆಗೆದೇ ಇಲ್ಲ. ಸಾಬೂನು ಹಚ್ಚಿ, ತಿರುವಿ, ಕಣ್ಣಲ್ಲಿ ನೀರು ಬಂದು, ಕೊನೆಗೆ ಬಂತು. ಕೈಯಲ್ಲಿ ಹಿಡಿದು ನಿಂತೆ. ಕೊಡಲು ಜೊತೆಯಲ್ಲಿ ಯಾರೂ ಇರಲಿಲ್ಲ. ನೆಲ ಒರೆಸುತ್ತಿದ್ದ ಹೆಂಗಸು ನನ್ನನ್ನು ನೋಡಿ ತನ್ನ ಕೈ ಸೀರೆಗೆ ಒರೆಸಿಕೊಂಡು ಚಾಚಿದಳು. “ಕೊಡ್ರಿ ಯಕ್ಕಾ, ನಾ ಹಿಡ್ಕೊಂಡಿರ್ತೀನಿ.” ಒಳಗೆ ಆ ಕೊಳವೆಯಲ್ಲಿ, ತಗಡಿನ ಮೇಲೆ ಕಲ್ಲು ಸುರಿದಂಥ ಸದ್ದಿನಲ್ಲಿ, ನಾನು ದೇವರನ್ನು ನೆನೆಯಲಿಲ್ಲ, ಮೂಗುತಿಯನ್ನೇ ನೆನೆಯುತ್ತಿದ್ದೆ. ಹೊರಗೆ ಬಂದಾಗ ಅವಳು ಅದೇ ಜಾಗದಲ್ಲಿ ಮುಷ್ಟಿ ಬಿಗಿದು ನಿಂತಿದ್ದಳು. ಚಹಾದ ಹೊತ್ತು ಮೀರಿತ್ತು, ಅವಳು ಕುಡಿಯಲು ಹೋಗಿರಲಿಲ್ಲ. ಹೆಸರು ಕೇಳುವುದನ್ನೇ ಮರೆತೆ.

ಮೆದುಳಿನಲ್ಲಿ ಏನೂ ಇಲ್ಲ ಎಂದು ವರದಿ ಬಂತು. ಸಲಾಯಿನಿನ ಮೂರನೇ ದಿನ, ಬಾಯಲ್ಲಿ ತಾಮ್ರದ ರುಚಿ ಇಟ್ಟುಕೊಂಡು, ಆಸ್ಪತ್ರೆಯ ಮೇಲಿನ ಕಿಟಕಿಗೆ ನಿಂತೆ. ಎದುರಿಗೆ ಗೋಳಗುಮ್ಮಟ. ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ತುಸು ಮಸುಕು ಬಿಟ್ಟರೆ ಎರಡೂ ಒಂದೇ! ಕಣ್ಣು ಬಂತು ಎಂದು ಬಬಲೇಶ್ವರದ ಅಕ್ಕ ಸುಮಿತ್ರಾಗೆ ಅಲ್ಲಿಂದಲೇ ಫೋನು ಮಾಡಿ ಅತ್ತುಬಿಟ್ಟೆ. ಕೆಳಗಿಳಿದು ಬೀದಿಗೆ ಬಂದರೆ ಅಂಗಡಿಯೊಂದರ ಮುಂದೆ ಕುಂಕುಮದ ರಾಶಿಯಿತ್ತು. ಬಲಗಣ್ಣು ಮುಚ್ಚಿದೆ. ಮಣ್ಣಿನ ರಾಶಿ. ಗುಮ್ಮಟ ಅಷ್ಟು ದೊಡ್ಡದು, ಅದಕ್ಕೆ ಮೊದಲೇ ಬಣ್ಣವಿಲ್ಲ, ಅದರಿಂದ ಕಳೆಯಲು ಏನಿತ್ತು? ಅಕ್ಕನಿಗೆ ಮತ್ತೆ ಫೋನು ಮಾಡಲಿಲ್ಲ.

ಗುಳಿಗೆಗಳ ಕಾಲದಲ್ಲಿ ಸುಧಾರಿಸಿಕೊಳ್ಳಲೆಂದು ಅವಳ ಮನೆಗೇ ಹೋದೆ. ಆ ಗುಳಿಗೆ ತರುವ ಹಸಿವೆಂದರೆ ಹಸಿವು, ಎಂಟು ರೊಟ್ಟಿ ತಿಂದು ಒಂಬತ್ತನೆಯದರ ಕಡೆ ನೋಡುತ್ತಿದ್ದೆ. ಮುಖ ಊದಿ ಕುಂಬಳಕಾಯಿಯಾಯಿತು. ಐದನೇ ದಿನ ಅಕ್ಕ ಬಂದು ಮಗ್ಗುಲಲ್ಲಿ ಕೂತು ಸೆರಗಿನ ಅಂಚು ಸುತ್ತತೊಡಗಿದಳು.

“ಲೀಲಾ, ಸಿಟ್ಟಾಗಬ್ಯಾಡ. ನಾಳೆ ಹುಡುಗಿ ನೋಡಾಕ ಬರ್ತಾರ.”

“ಚಲೋ ಆತಲ್ಲ. ಕಾವ್ಯಾಗ ನಾನs ಸೀರಿ ಉಡಿಸ್ತೀನಿ.”

“ಅದಲ್ಲs. ನಿನ್ನ ಮಾರಿ ನೋಡಿದ್ರ ಏನಾಗೇತಿ ಅಂತ ಕೇಳ್ತಾರ. ನರದ ಬ್ಯಾನಿ ಅಂದ್ರ... ಮನೆತನದಾಗ ಐತಿ ಅಂತ ತಿಳೀತಾರ.”

ಅವಳು ಕೆಟ್ಟವಳಲ್ಲ. ಮಗಳ ತಾಯಿ. ನಾನು ಚೀಲ ಕಟ್ಟುವಾಗ ಅತ್ತಳು, ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು, ಬಸ್ಸಿನವರೆಗೆ ಬಂದಳು. ಇರು ಎಂದು ಮಾತ್ರ ಅನ್ನಲಿಲ್ಲ. ಬಬಲೇಶ್ವರದಿಂದ ತಿಕೋಟಾದವರೆಗೆ ಆ ಹೋಳಿಗೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆ ಹಸಿವಿನಲ್ಲೂ ಬಿಚ್ಚಲು ಮನಸ್ಸಾಗಲಿಲ್ಲ.

ಆಮೇಲಿನ ದಿನಗಳು ನನ್ನ ಕೋಣೆಯಲ್ಲಿ ಕಳೆದವು. ಮನೆಯಲ್ಲಿ ಕೆಂಪು ಮುಚ್ಚಳ ಇರಲಿಲ್ಲ, ಒಂದು ಕೆಂಪು ಬಳೆ ಇತ್ತು. ಬೆಳಿಗ್ಗೆ ಎದ್ದು ಅದನ್ನು ಕಿಟಕಿಗೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡುತ್ತಿದ್ದೆ. ಅಣ್ಣನ ಮುಖ ನಿಧಾನಕ್ಕೆ ಮರಳಿ ಬಂತು. ಅಕ್ಷರ ಬಂತು. ಕೆಂಪು ಕಾಲು ಭಾಗ ಬಂದು ನಿಂತುಬಿಟ್ಟಿತು. “ಈಗ ಕಾಣತೈತಲ್ಲ?” ಎಂದು ಎಲ್ಲರೂ ಕೇಳಿದರು, ಹೂಂ ಎಂದೆ. ಅವರಿಗೆ ಸಮಾಧಾನವಾಯಿತು, ಮಾತು ಬೇರೆ ಕಡೆ ಹೋಯಿತು. ನನಗೆ ಒಳಗೆ ಕುದಿಯುತ್ತಿದ್ದ ಸಿಟ್ಟು ಯಾರ ಮೇಲೂ ಅಲ್ಲ, ನನ್ನ ಮೈಯ ಮೇಲೆ. ಅನ್ನ ಹಾಕಿ ಸಾಕಿದ ಮೈ, ಒಂಟಿಯಾಗಿ ಮಲಗಿದಾಗಲೂ ಜೊತೆಗಿದ್ದ ಒಂದೇ ಒಂದು ಜೀವ, ಅದೂ ನನಗೆ ವೈರಿಯಾಯಿತೆ?

ಮಾಬೂಬಿ ಒಮ್ಮೆಯೂ ಬರಲಿಲ್ಲ. ಅವಳ ಮನೆ ಎರಡು ಓಣಿ ಆಚೆ. ಒಂಬತ್ತು ವರ್ಷ ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ತಿಂದವಳು. ಹಬ್ಬಕ್ಕೆ ಹಾಲು ಶಾವಿಗೆಯ ಸುರಕುಂಬಾ ಕಳಿಸಿದಳು, ಬೇರೆಯವರ ಕೈಯಲ್ಲಿ. ಮೇಜು ಬಿಟ್ಟವಳನ್ನು ಮೇಜಿನವರು ಬಿಟ್ಟರು ಎಂದುಕೊಂಡು ಪಾತ್ರೆ ತೊಳೆದು ಅವರ ಕೈಯಲ್ಲೇ ವಾಪಸು ಕೊಟ್ಟೆ.

ಮೂರು ತಿಂಗಳಿಗೆ ಡಾಕ್ಟರಮ್ಮ ಕಣ್ಣಿನ ಪರದೆಯ ಚಿತ್ರ ತೆಗೆಸಿದರು. ನರದ ಎಳೆಗಳ ಪದರ ತೆಳುವಾಗಿದೆ, ಆದರೆ ಅವರು ಅಂಜಿದಷ್ಟು ಜೀವಕೋಶಗಳು ಸತ್ತಿಲ್ಲ ಎಂದರು. ನನಗೆ ತಡೆಯಲಾಗಲಿಲ್ಲ.

“ನನ್ನ ಮೈಯಾಗಿನ ಪಡೀನ ನನ್ನ ಕಣ್ಣ ತಿಂದೈತಿ ಅಂದ್ರ, ಇನ್ನ ಯಾರನ್ನ ನಂಬಲಿ ಡಾಕ್ಟರs?”

ಹೊರಗೆ ಜನ ಕಾಯುತ್ತಿದ್ದರು. ಆದರೂ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಪೂರಾ ಹಂಗ ಅನ್ನಬ್ಯಾಡ್ರಿ. ಆ ಪಡಿ ಒಬ್ಬರಿಗೊಬ್ಬರು ಸುದ್ದಿ ಕಳಸ್ತಿರತೈತಿ, ಸಣ್ಣ ಸಣ್ಣ ರಾಸಾಯನಿಕದ ಸುದ್ದಿ. ಕೆಲವು ಸುದ್ದಿ ‘ಬಡೀರಿ’ ಅಂತಾವು. ಕೆಲವು ‘ಈ ನರದ ಜೀವಕೋಶ ಇನ್ನೂ ಐತಿ, ಸಾಯಗೊಡಬ್ಯಾಡ್ರಿ’ ಅಂತಾವು. ಕಣ್ಣಿನ ಪರದೆ ಉಳಸೂದ್ರಾಗ ಆ ಸುದ್ದಿಗಳ ಪಾಲೂ ಐತಿ ಅಂತ ಸಂಶೋಧಕರು ನೋಡಾಕತ್ತಾರ.”

“ಅದನ್ನ ಔಷಧ ಮಾಡಿ ಕೊಡ್ರಲಾ.”

“ಇನ್ನೂ ನಮ್ಮ ಕೈಗೆ ಬಂದಿಲ್ಲ.”

“ನನ್ನ ಕಣ್ಣಾಗೂ ಹಂಗ ಆಗೇತೇನ್ರಿ?”

“ನಿಮ್ಮ ಕಣ್ಣಾಗ ಹೊಕ್ಕು ನೋಡಾಕ ಬರಂಗಿಲ್ಲ. ಆಗಿರಬಹುದು.”

ಬಸ್ಸು ಊರು ದಾಟುವವರೆಗೂ ಆ ಮಾತು ತಲೆಯಲ್ಲೇ ಇತ್ತು. ಒಂದು ಪಡೆ, ಎರಡು ಸುದ್ದಿ. ಆರಿಸುವ ಕೈ ದಣಿದು ಒಳ್ಳೆಯದನ್ನೂ ಕಡೆಗೆ ಹಾಕಿದೆ, ಆಮೇಲೆ ಎರಡನೇ ಕೈ ಬಂದು ಒಂದಿಷ್ಟು ಹೆಕ್ಕಿ ತೆಗೆದಿದೆ. ಇದು ನನಗೆ ತಿಳಿಯದ ಕೆಲಸವೇನೂ ಅಲ್ಲ. ನಾನೂ ಎಷ್ಟೋ ಸಲ ಒಳ್ಳೆಯದನ್ನು ಎಸೆದಿದ್ದೇನೆ, ಅದಕ್ಕಾಗಿ ಯಾರೂ ನನ್ನನ್ನು ವೈರಿ ಎಂದಿರಲಿಲ್ಲ. ಡಾಕ್ಟರಮ್ಮ “ಆಗಿರಬಹುದು” ಎಂದಷ್ಟೇ ಅಂದದ್ದು, ನನಗೆ ಅಷ್ಟು ಸಾಕಾಯಿತು. ಅಂದು ಬಹಳ ದಿನದ ಮೇಲೆ ಮುಖಕ್ಕೆ ಸರಿಯಾಗಿ ಎಣ್ಣೆ ಹಚ್ಚಿ, ಬಿಸಿ ನೀರು ಹಾಕಿಕೊಂಡು ಸ್ನಾನ ಮಾಡಿದೆ.

ಮುಂದಿನ ಹಂಗಾಮಿಗೆ ಮೇಜಿಗೆ ಮರಳಿದೆ. ಮಾಲಕರಿಗೆ ಎಲ್ಲ ಹೇಳಿದೆ. ಅವರು “ಬಲಗಣ್ಣಿಗೆ ಬೆಳಕ ಬರೂ ಕಡೆ ಕುಂಡ್ರು” ಎಂದರು. ಇಷ್ಟು ಸಣ್ಣ ಉತ್ತರಕ್ಕೆ ನಾನು ಒಂದು ವರ್ಷ ಅಂಜಿದ್ದೆ. ಮಾಬೂಬಿ ತನ್ನ ಜಾಗ ಬಿಟ್ಟು ನನ್ನ ಎಡಕ್ಕೆ ಬಂದು ಕೂತಳು. ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಬಿಗುಮಾನದಲ್ಲೇ ಇದ್ದೆ. ಮೂರನೇ ದಿನ ಚಹಾದ ಹೊತ್ತಿಗೆ ತಡೆಯಲಾರದೆ ಜಂಬ ಕೊಚ್ಚಿದೆ.

“ನೀ ಬಂದು ನೋಡಲಿಲ್ಲ ಬಿಡು. ಆದ್ರ ಒಂದ ಮಾತ ಹೇಳ್ತೀನಿ ಕೇಳು. ಹ್ವಾದ ವರ್ಷ ಒಂದs ಕಣ್ಣಾಗ ನಾಕು ವಾರ ಆರಿಸೇನಿ. ಒಂದs ಒಂದ ಬುಟ್ಟಿ ತಿರುಗಿ ಬಂತೇನು? ಹೇಳು ನೋಡೂಣು.”

ಮಾಬೂಬಿ ಚಹಾದ ಲೋಟ ಕೆಳಗಿಟ್ಟಳು. ಅವಳ ಕಣ್ಣುಗಳು ತುಂಬಿದ್ದವು.

“ಹೆಂಗ ಬರ್ತಿತ್ತs? ನೀ ಚಾ ಕುಡ್ಯಾಕ ಎದ್ದಾಗೆಲ್ಲ ನಿನ್ನ ಬುಟ್ಟೀಗೆ ನಾ ಎರಡನೇ ಕೈ ಆಡಸ್ತಿದ್ದೆ. ಮುಷ್ಟಿ ಮುಷ್ಟಿ ಕರಿದು ಇರ್ತಿತ್ತು.”

ನನಗೆ ಮೊದಲು ಬಂದದ್ದು ನಾಚಿಕೆ, ಅದರ ಹಿಂದೆಯೇ ಸಿಟ್ಟು. “ಗೊತ್ತಿತ್ತು? ಗೊತ್ತಿದ್ದೂ ಯಾಕ ಕೇಳಲಿಲ್ಲ ನನ್ನ?”

“ನೀ ಅಂಜಿದ್ದಿ. ಕೇಳಿದ್ರ ನಾಕ ಮಂದಿ ಕಿವಿಗೆ ಬೀಳತೈತಿ, ಜಾಗಾ ಹೋಗತೈತಿ ಅಂತ ನಾ ಸುಮ್ಮನಿದ್ದೆ. ಗಂಧಕಾನs ಇರಬೇಕು, ಇಳೀತೈತಿ ಅಂತ ತಿಳದಿದ್ದೆ. ಆಮ್ಯಾಲ ದವಾಖಾನಿ ಸುದ್ದಿ ಕೇಳಿ ನಿನ್ನ ಮನಿ ಕಡೆ ಬರಾಕ ಕಾಲs ಏಳಲಿಲ್ಲ ನನಗ.” ಮೂಗೊರೆಸಿಕೊಂಡು ಕೇಳಿದಳು: “ನಾ ಅಂದs ಕೇಳಿದ್ರ ನಿನ್ನ ಕಣ್ಣು ಪೂರಾ ಉಳೀತಿತ್ತೇನs ಲೀಲಾ?”

ಆ ಪ್ರಶ್ನೆಯನ್ನು ಅವಳು ಒಂದು ವರ್ಷ ಒಬ್ಬಳೇ ಹೊತ್ತಿದ್ದಳು, ಎರಡು ಓಣಿ ಆಚೆ. ಇತ್ತ ನಾನು ಒಬ್ಬಳೇ ಕೂತು ಅವಳನ್ನು ಬೈಯುತ್ತಿದ್ದೆ. ಇಲ್ಲ ಎಂದು ಅವಳಿಗೆ ಹೇಳಬೇಕು ಎನಿಸಿತು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

“ಹೇಳಾಕ ಬರಂಗಿಲ್ಲಂತ” ಎಂದೆ.

ಇಬ್ಬರೂ ತಣ್ಣಗಾದ ಚಹಾ ಕುಡಿದು ಮೇಜಿಗೆ ಮರಳಿದೆವು.

ಈಗ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಅವಳು ಎಲ್ಲರೆದುರೇ ತನ್ನ ಬಳೆಯ ಕೈ ನನ್ನ ಮುಂದೆ ಚಾಚುತ್ತಾಳೆ. ನಾನು ಬಲಗಣ್ಣು ಮುಚ್ಚುತ್ತೇನೆ. “ಇವತ್ತ ಎಷ್ಟೈತಿ?” ಎಂದು ಕೇಳುತ್ತಾಳೆ. ಹೆಚ್ಚಿನ ದಿನ ಕಾಲು ಭಾಗ ಎನ್ನುತ್ತೇನೆ. ಬಿಸಿಲು ಜೋರಾಗಿ ಮೈ ಕಾದ ದಿನ ನರ ಮಂಕಾಗಿ ಅದೂ ಇರುವುದಿಲ್ಲ. ಆಗ ಏನೂ ಇಲ್ಲ ಎನ್ನುತ್ತೇನೆ, ಅವಳು ನನ್ನ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ.